ಮೊದಲು ನೀರು ಇಳಿಯಲಿ, ಆಮೇಲೆ ಬಣ್ಣ: ಹಳೇ ಕಾರಿನ ಅಡಿ ತುಕ್ಕಿನ ಬಗ್ಗೆ

ನನ್ನ ಹಳೇ ಕಾರಿನ ಬಾಗಿಲ ಕೆಳಗೆ ಒಂದು ಪುಟ್ಟ ತೂತು ಇದೆ. ಕಿರುಬೆರಳ ತುದಿ ಹೋಗುವಷ್ಟು. ಅದು ಅಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಕಾರಿಗೆ ಹದಿನಾಲ್ಕು ವರ್ಷ ತುಂಬಿದ ಮೇಲೆ. ಒಂದು ಭಾನುವಾರ ಟಾರ್ಚ್ ಹಿಡಿದು ಕಾರಿನಡಿ ಮಲಗಿದ್ದೆ. ಕಪ್ಪು ಕೋಟಿಂಗ್ ನಡುವೆ ಒಂದು ಕಡೆ ಸಣ್ಣ ತಗ್ಗು ಕಂಡಿತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಕೋಟಿಂಗ್ ಹರಿಯಿತು. ಮೊದಲು ಒಂದಿಷ್ಟು ಕೆಂಪು ಕೆಸರು ಬಿತ್ತು, ಹಿಂದೆಯೇ ನೀರು. ಮಳೆ ಬಂದು ಮೂರು ವಾರ ಆಗಿತ್ತು. ಆದರೂ ನೀರು ಸುರಿಯುತ್ತಲೇ ಇತ್ತು, ಅಂಗಿ ತೋಳಿನೊಳಗೆ ಇಳಿದು ಮೊಣಕೈವರೆಗೂ ಒದ್ದೆ ಮಾಡಿತು.

ಆ ಕಪ್ಪು ಕೋಟಿಂಗನ್ನು ಎರಡು ವರ್ಷ ಮುಂಚೆ ನಾನೇ ದುಡ್ಡು ಕೊಟ್ಟು ಹೊಡೆಸಿದ್ದೆ. ತುಕ್ಕು ಬರಬಾರದು ಅಂತ! ಹೊಡೆದವರು ನೀರು ಇಳಿಯುವ ತೂತಿನ ಮೇಲೂ ದಪ್ಪಗೆ ಹೊಡೆದಿದ್ದರು. ಅವತ್ತಿನಿಂದ ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಯೊಳಗೆ ನೀರು ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ.

ತುಕ್ಕಿನ ಮಾತು ಬಂದರೆ ಸಾಕು, ಯಾವ ಕೋಟಿಂಗ್ ಒಳ್ಳೆಯದು, ಯಾವ ಕಂಪನಿಯದು ಬಾಳಿಕೆ ಬರುತ್ತದೆ ಅಂತ ಎಲ್ಲರೂ ಶುರು ಮಾಡುತ್ತೇವೆ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ನೀರು ಎಲ್ಲಿ ನಿಲ್ಲುತ್ತಿದೆ?

ತಗಡಿನ ಮೇಲೊಂದು ಪುಟ್ಟ ಬ್ಯಾಟರಿ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಇದನ್ನು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಕಬ್ಬಿಣ ಕರಗುವ ಜಾಗ ಒಂದು, ಆಮ್ಲಜನಕ ಕೆಲಸ ಮಾಡುವ ಜಾಗ ಇನ್ನೊಂದು ಅನ್ನುವುದು ಎಷ್ಟೋ ಜನಕ್ಕೆ ನೆನಪಿರುವುದಿಲ್ಲ. ಒಂದು ಕಡೆ ಕಬ್ಬಿಣ ತನ್ನ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನ್‌ಗಳು ತಗಡಿನೊಳಗೇ ಹರಿದು ಇನ್ನೊಂದು ಕಡೆ ಹೋಗಿ, ಅಲ್ಲಿ ಆಮ್ಲಜನಕದ ಕೈಗೆ ಸಿಗುತ್ತವೆ. ಮೇಲಿರುವ ನೀರಿನ ತೆಳು ಪೊರೆ ಈ ಸರ್ಕ್ಯೂಟನ್ನು ಪೂರ್ತಿ ಮಾಡುತ್ತದೆ. ಬ್ಯಾಟರಿಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ನೀರಿಗೆ ಉಪ್ಪು ಬೆರೆತರೆ ಕರೆಂಟ್ ಇನ್ನೂ ಸಲೀಸಾಗಿ ಹರಿಯುತ್ತದೆ. ಕಡಲ ತೀರದಲ್ಲಿ, ಹಿಮ ಕರಗಿಸಲು ಉಪ್ಪು ಸುರಿಯುವ ರಸ್ತೆಗಳಲ್ಲಿ ಕಾರುಗಳು ಬೇಗ ಕೊಳೆಯುವುದು ಅದಕ್ಕೇ. ಉಪ್ಪಿಗೆ ಇನ್ನೊಂದು ಕೆಟ್ಟ ಬುದ್ಧಿಯೂ ಇದೆ. ಅದು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಶುದ್ಧ ಗಾಳಿಯಲ್ಲಿ ತೇವಾಂಶ ಸುಮಾರು ಶೇ 60 ದಾಟಿದ ಮೇಲೇ ಕಬ್ಬಿಣದ ತುಕ್ಕು ಜೋರಾಗುವುದು. ಆದರೆ ರಸ್ತೆಗೆ ಹಾಕುವ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಶೇ 30ರ ಆಸುಪಾಸಿನ ತೇವಾಂಶವೇ ಸಾಕು, ಒದ್ದೆಯಾಗಿ ಕೂತುಬಿಡುತ್ತದೆ. ನಮ್ಮ ಕಣ್ಣಿಗೆ ಕಾರು ಒಣಗಿದೆ. ಉಪ್ಪು ಮೆತ್ತಿದ ತಗಡಿಗೆ ಅದು ಒಣಗಿಯೇ ಇಲ್ಲ.

ಇನ್ನೂ ವಿಚಿತ್ರವಾದ ಸಂಗತಿ ಮುಂದಿದೆ. ತಗಡಿನ ಮೇಲೆ ಒಂದು ಉಂಡೆ ಕೆಸರು ಅಂಟಿದೆ ಅಂತ ಇಟ್ಟುಕೊಳ್ಳಿ. ಕೆಸರಿನ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಟ್ಟನಡುವೆ ಸಿಗುವುದಿಲ್ಲ. ಹಾಗಾದರೆ ತುಕ್ಕು ಅಂಚಲ್ಲಿ ಜಾಸ್ತಿ ಇರಬೇಕು ಅಲ್ವಾ? ಉಲ್ಟಾ. ಆಮ್ಲಜನಕ ಸಿಗುವ ಅಂಚು ಎಲೆಕ್ಟ್ರಾನ್ ಎಳೆದುಕೊಳ್ಳುವ ಜಾಗವಾಗುತ್ತದೆ. ಅವನ್ನು ಒದಗಿಸಬೇಕಾದದ್ದು ಗಾಳಿ ಸಿಗದ ನಡುಭಾಗ. ಹಾಗಾಗಿ ಕಬ್ಬಿಣ ಕರಗುವುದು ಅಲ್ಲಿ. ಗಾಳಿ ಕಡಿಮೆ ಇರುವ, ತೇವ ನಿಂತಿರುವ ಸಂದಿಯೇ ಮೊದಲು ತೂತಾಗುವುದು.

ಇದೊಂದು ಅರ್ಥವಾದರೆ ಕಾರಿನಡಿ ಮಲಗಿದಾಗ ಕಾಣುವ ಅರ್ಧಕ್ಕರ್ಧ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಬಯಲಿಗೆ ಬಿದ್ದ ದಪ್ಪ ಆಕ್ಸೆಲ್ ಪೂರ್ತಿ ಕೆಂಪಗಾಗಿದ್ದರೂ ವರ್ಷಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಎರಡು ತಗಡು ಸೇರುವ ಸಂದಿ, ಚಕ್ರದ ಕಮಾನಿನ ಒಳಮಡಿಕೆ, ಕೆಸರು ತುಂಬಿದ ಮೂಲೆ, ಬಿಟ್ಟುಕೊಂಡ ಕೋಟಿಂಗ್‌ನ ಹಿಂಭಾಗ, ಇವು ಸದ್ದಿಲ್ಲದೆ ಟೊಳ್ಳಾಗುತ್ತವೆ. ಗೆದ್ದಲು ತಿಂದ ಮರದ ಹಾಗೆ, ಮೇಲೆ ಥಳಕು ಒಳಗೆ ಹುಳುಕು.

ಜೊತೆಗೆ ತುಕ್ಕು ತಾನೇ ಜಾಗ ಕೇಳುತ್ತದೆ. ಕರಗಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಸಂದಿಯೊಳಗೆ ಉಬ್ಬಿ ತಗಡುಗಳನ್ನೇ ದೂರ ತಳ್ಳುತ್ತದೆ, ಆ ಬಿರುಕಿನಲ್ಲಿ ಇನ್ನಷ್ಟು ನೀರು ಸೇರುತ್ತದೆ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆ ಗಟ್ಟಿಯಾಗಿ ಅಂಟಿ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸ್ಪಂಜಿನ ಥರ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಎಲ್ಲಿ ನೋಡಬೇಕು

ಈಗಿನ ಬಹುತೇಕ ಕಾರುಗಳಿಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಅಂತ ಇರುವುದಿಲ್ಲ. ಬಾಡಿಯೇ ಚಾಸಿ. ಒಂದು ಮಿಲಿಮೀಟರ್ ಆಸುಪಾಸಿನ ತಗಡನ್ನು ಮಡಚಿ, ಪೆಟ್ಟಿಗೆ ಮಾಡಿ, ಸ್ಪಾಟ್ ವೆಲ್ಡ್ ಹೊಡೆದು ಕೂರಿಸಿರುತ್ತಾರೆ. ಕಾರಿನ ಬಲವೆಲ್ಲ ಈ ಟೊಳ್ಳು ಪೆಟ್ಟಿಗೆಗಳಲ್ಲೇ ಇರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್, ಫ್ಲೋರ್ ಕೆಳಗಿನ ಅಡ್ಡಪಟ್ಟಿಗಳು, ಮುಂದೆ ಎಂಜಿನ್ ಹೊತ್ತಿರುವ ಉದ್ದನೆಯ ರೈಲ್‌ಗಳು. ಇವಕ್ಕೆ ನೀರು ಬಂದೇ ಬರುತ್ತದೆ ಅಂತ ಕಂಪನಿಯವರಿಗೂ ಗೊತ್ತು. ಅದಕ್ಕೇ ಕೆಳಗೆ ತೂತು ಬಿಟ್ಟಿರುತ್ತಾರೆ. ಎಲೆ, ಧೂಳು, ಕೆಸರು ಸೇರಿ ಆ ತೂತು ಮುಚ್ಚಿಕೊಂಡ ದಿನದಿಂದ ಪೆಟ್ಟಿಗೆಯ ಆಯಸ್ಸು ಕಡಿಮೆಯಾಗುತ್ತಾ ಬರುತ್ತದೆ.

ಚಾಸಿ ಬೇರೆ ಇರುವ ಪಿಕಪ್, ಜೀಪ್ ಥರದ ಗಾಡಿಗಳಲ್ಲಿ ಕಬ್ಬಿಣ ದಪ್ಪ. ಹಾಗಂತ ಅವೂ ಪಾರಾಗುವುದಿಲ್ಲ. ಅಮೆರಿಕದಲ್ಲಿ ಟೊಯೋಟಾ ಕಂಪನಿಯ ಟಕೋಮಾ, ಟಂಡ್ರಾ, ಸಿಕ್ವೋಯಾ ಗಾಡಿಗಳ ಚಾಸಿ ತುಕ್ಕು ತಿಂದ ವಿಷಯ ಕೋರ್ಟಿಗೆ ಹೋಗಿ, 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳಿಗೆ ಸಂಬಂಧಿಸಿದಂತೆ 340 ಕೋಟಿ ಡಾಲರ್‌ವರೆಗಿನ ರಾಜಿಗೆ ಕಂಪನಿ ಒಪ್ಪಿತ್ತು. ದಪ್ಪ ಕಬ್ಬಿಣ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ.

ನೋಡುವ ಮುಂಚೆ ಒಂದು ಮಾತು. ಬರೀ ಜಾಕ್ ಮೇಲೆ ನಿಲ್ಲಿಸಿದ ಕಾರಿನಡಿ ತಲೆ ಹಾಕಬೇಡಿ. ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಲ್ಲು, ಆಕ್ಸೆಲ್ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ ನೋಡುವುದೇ ವಾಸಿ. ಅದರಲ್ಲೂ ತುಕ್ಕು ಹಿಡಿದ ಕಾರಿನಲ್ಲಿ ಜಾಕ್ ಕೊಡುವ ಜಾಗವೇ ಮೆತ್ತಗಾಗಿರುತ್ತದೆ. ಜಾಕ್ ಏರುತ್ತದೆ, ಕಾರು ಏರುವುದಿಲ್ಲ, ಕಟಕಟ ಅಂತ ತಗಡು ಮುರಿಯುವ ಶಬ್ದ ಬರುತ್ತದೆ. ಆ ಶಬ್ದ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ಧಪ್ ಅನ್ನುತ್ತದೆ, ಕೆಲವು ಸಲ ಒಳಗೆ ಹಕ್ಕಳೆ ಉದುರಿದ ಸದ್ದೂ ಕೇಳಿಸುತ್ತದೆ. ಅನುಮಾನ ಬಂದ ಕಡೆ ತುದಿಯಿಂದ ಗಟ್ಟಿಯಾಗಿ ಚುಚ್ಚಿ. ತೂತಾದರೆ ಅದು ನೀವು ಮಾಡಿದ ತೂತಲ್ಲ, ಮೊದಲೇ ಇದ್ದದ್ದು.

ಚಕ್ರದ ಹಿಂದೆ ಸಿಲ್ ಶುರುವಾಗುವ ಮೂಲೆ, ಸಸ್ಪೆನ್ಷನ್ ಬಾಡಿಗೆ ಕೂರುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಇಷ್ಟು ನೋಡದೆ ಏಳಬೇಡಿ. ಕಾರಿನ ಒಳಗೂ ನೋಡಿ. ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ, ಕೆಳಗಿನ ಸ್ಪಂಜನ್ನು ಅಂಗೈಯಿಂದ ಒತ್ತಿ. ತೇವ ಇದ್ದರೆ ಬಾಗಿಲ ರಬ್ಬರ್, ವಿಂಡ್‌ಸ್ಕ್ರೀನ್ ಅಂಚು, ಎಸಿ ನೀರಿನ ಪೈಪ್, ಎಲ್ಲಿಂದಲೋ ಸೋರುತ್ತಿದೆ. ಫ್ಲೋರ್ ಮೇಲಿನಿಂದ ಕೊಳೆಯುತ್ತಿರುವಾಗ ಕೆಳಗಡೆ ಎಷ್ಟು ಬಳಿದರೂ ಸುಮ್ನೆ ಖರ್ಚು.

ಯಾವ ತುಕ್ಕಿಗೆ ಹೆದರಬೇಕು

ಮೇಲ್ಮೈಯಲ್ಲಿ ಕೆಂಪು ಪುಡಿ ಕೂತಿದೆ, ಉಜ್ಜಿದರೆ ಲೋಹ ನಯವಾಗಿ ಕಾಣುತ್ತದೆ ಅಂದರೆ ಚಿಂತೆ ಬೇಡ. ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ ಅಂದರೆ ತಗಡು ತೆಳ್ಳಗಾಗಿದೆ, ಎಷ್ಟು ಉಳಿದಿದೆ ಅಂತ ಕೆರೆದ ಮೇಲೇ ಗೊತ್ತಾಗುವುದು. ತೂತು ಬಿದ್ದಿದ್ದರೆ ಎಲ್ಲಿ ಬಿದ್ದಿದೆ ಅನ್ನುವುದೇ ಮುಖ್ಯ. ಸ್ಟೆಪ್ನಿ ಗುಂಡಿಯಲ್ಲಿ ಬಿದ್ದರೆ ತಲೆನೋವು. ಸಿಲ್, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಹಿಡಿದಿರುವ ಜಾಗದಲ್ಲಿ ಬಿದ್ದರೆ ಜೀವದ ಪ್ರಶ್ನೆ. ಅಪಘಾತದ ಹೊತ್ತಿನಲ್ಲಿ ಹೊಡೆತ ತಡೆಯಬೇಕಾದ ಭಾಗಗಳು ಅವು.

ಬ್ರೇಕ್ ಪೈಪ್‌ಗಳನ್ನು ಮಾತ್ರ ಯಾರೂ ಸರಿಯಾಗಿ ನೋಡುವುದಿಲ್ಲ. ಪೆನ್ಸಿಲ್‌ಗಿಂತ ಸಣ್ಣ ಕಬ್ಬಿಣದ ಕೊಳವೆ, ಹೆಚ್ಚಿನ ಕಾರುಗಳಲ್ಲಿ ಹೊರಗಿನ ವ್ಯಾಸ 4.75 ಮಿಲಿಮೀಟರ್. ಅದರ ಗೋಡೆಯೇ ಒಂದು ಮಿಲಿಮೀಟರ್‌ಗಿಂತ ತೆಳು. ಪ್ಲಾಸ್ಟಿಕ್ ಕ್ಲಿಪ್ ಹಿಡಿದಿರುವ ಜಾಗದಲ್ಲಿ ಕೆಸರು ಕೂತು ಕೊಳೆಯುತ್ತದೆ. ಮೇಲೆ ಹೇಳಿದ ಸಂದಿಯ ಕಥೆಯೇ ಇಲ್ಲೂ. ಒಂದು ದಿನ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅಲ್ಲಿ ಒಡೆದು ಪೆಡಲ್ ಕೆಳಗೆ ಹೋಗುತ್ತದೆ. ಇದನ್ನು ಉಜ್ಜಿ ಬಣ್ಣ ಬಳಿಯಲು ಹೋಗಬೇಡಿ, ಉಜ್ಜಿದಷ್ಟೂ ತೆಳ್ಳಗಾಗುತ್ತದೆ. ಹಕ್ಕಳೆ ಎದ್ದಿದ್ದರೆ ಬದಲಾಯಿಸಿ. ತಾಮ್ರ ಮತ್ತು ನಿಕಲ್ ಬೆರೆಸಿದ ಪೈಪ್ ಸಿಗುತ್ತದೆ, ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಬಗ್ಗಿಸುವುದೂ ಸುಲಭ. ಬರೀ ತಾಮ್ರದ ಪೈಪ್ ಬೇಡ. ತಿಂಗಳಾನುಗಟ್ಟಲೆ ಅಲುಗಾಟಕ್ಕೆ ಅದು ಗಡುಸಾಗಿ ಬಿರುಕು ಬಿಡುತ್ತದೆ.

ಕೆಲಸ ಶುರು ಮಾಡಿದರೆ

ಮೊದಲು ತೊಳೆಯುವುದು. ಪೈಪಿನಲ್ಲಿ ನಿಧಾನಕ್ಕೆ ನೀರು ಬಿಟ್ಟು ಮೂಲೆಮೂಲೆಯ ಕೆಸರನ್ನು ನೆನೆಸಿ ತೆಗೆಯಿರಿ. ಜೋರು ಪ್ರೆಶರ್ ಹಾಕಿದರೆ ನೀರು ವೈರ್ ಕನೆಕ್ಟರ್‌ಗಳೊಳಗೆ ನುಗ್ಗುತ್ತದೆ. ಡ್ರೇನ್ ತೂತುಗಳನ್ನೆಲ್ಲ ತಂತಿಯಿಂದ ಬಿಡಿಸಿ. ಆಮೇಲೆ ಒಣಗಲು ಬಿಡಿ. ಒಂದು ಸಂಜೆ ಸಾಲುವುದಿಲ್ಲ, ಪೆಟ್ಟಿಗೆಗಳ ಒಳಗೆ ಒಣಗಲು ದಿನಗಳೇ ಬೇಕು. ಕಂಪ್ರೆಸರ್ ಗಾಳಿ ಊದಿದರೆ ಬೇಗ ಆಗುತ್ತದೆ. ಇಡೀ ಕೆಲಸದಲ್ಲಿ ಜನ ಆತುರ ಪಡುವುದು ಇಲ್ಲೇ, ಕೆಡುವುದೂ ಇಲ್ಲೇ.

ಆಮೇಲೆ ಕೆರೆಯುವುದು. ಕನ್ನಡಕ, ಮಾಸ್ಕ್ ಎರಡೂ ಹಾಕಿ, ಗ್ರೈಂಡರ್‌ನ ವೈರ್ ಬ್ರಷ್‌ನಿಂದ ಹಾರುವ ತಂತಿ ಚರ್ಮದೊಳಗೇ ನಾಟುತ್ತದೆ. ಇಲ್ಲಿ ಒಂದು ಮೋಸವಿದೆ. ಜೋರಾಗಿ ತಿರುಗುವ ವೈರ್ ಬ್ರಷ್ ತುಕ್ಕನ್ನು ತೆಗೆಯುವ ಬದಲು ಪಾಲಿಶ್ ಮಾಡುತ್ತದೆ. ನೋಡಲು ಕಪ್ಪಗೆ ಹೊಳೆಯುತ್ತದೆ, ಲೋಹ ಬಂತು ಅಂದುಕೊಳ್ಳುತ್ತೇವೆ. ಲೋಹ ಬೆಳ್ಳಗಿರುತ್ತದೆ. ಕಪ್ಪು ಹೊಳಪು ಕಂಡರೆ ಅದಿನ್ನೂ ತುಕ್ಕೇ. ಅಲ್ಲಿ 80 ನಂಬರಿನ ಸ್ಯಾಂಡ್‌ಪೇಪರ್ ಅಥವಾ ಗ್ರೈಂಡರ್‌ಗೆ ಹಾಕುವ ಒರಟು ಸ್ಟ್ರಿಪ್ ಡಿಸ್ಕ್ ಬೇಕು. ತುಕ್ಕು ಕಾಣುವ ಜಾಗಕ್ಕಿಂತ ಎರಡು ಮೂರು ಸೆಂಟಿಮೀಟರ್ ಆಚೆಗೂ ಹಳೇ ಬಣ್ಣ ಕೆರೆಯಿರಿ. ಬಣ್ಣದ ಅಡಿಯಲ್ಲಿ ಅದು ಅಷ್ಟು ದೂರ ಹರಿದಿರುವುದು ಮಾಮೂಲು.

ಹಳ್ಳಗಳಲ್ಲಿ ಉಳಿದ ತುಕ್ಕನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ರಸ್ಟ್ ಕನ್ವರ್ಟರ್ ಇರುವುದು ಅದಕ್ಕೇ. ಕೆಲವದರಲ್ಲಿ ಟ್ಯಾನಿಕ್ ಆಮ್ಲ, ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಎರಡೂ ಇರುತ್ತವೆ. ಟ್ಯಾನಿಕ್ ಆಮ್ಲ ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಪದರವಾಗುತ್ತದೆ, ಫಾಸ್ಫಾರಿಕ್ ಆಮ್ಲ ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ಬಳಿದ ಕೆಲವೇ ನಿಮಿಷಕ್ಕೆ ಕೆಂಪು ಕಪ್ಪಾಗುವುದು ನೋಡಲು ಮಜವಾಗಿರುತ್ತದೆ. ಆದರೆ ಅದು ಮುಟ್ಟಿದಷ್ಟು ತೆಳು ಪದರವನ್ನು ಮಾತ್ರ ಬದಲಾಯಿಸುತ್ತದೆ. ದಪ್ಪ ಹಕ್ಕಳೆ ಮೇಲೆ ಬಳಿದರೆ ಮೇಲಷ್ಟೇ ಕಪ್ಪು, ಕೆಳಗೆ ತುಕ್ಕು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಮುಂದಿನ ಕೋಟ್ ಹಾಕಿ. ಕೆಲವನ್ನು ತೊಳೆಯಬೇಕು, ಕೆಲವನ್ನು ತೊಳೆಯಬಾರದು, ಅದನ್ನೂ ಅಲ್ಲೇ ಓದಿ.

ಆಮೇಲೆ ಎಪಾಕ್ಸಿ ಪ್ರೈಮರ್. ಅದರ ಮೇಲೆ ಗಟ್ಟಿ ಚಾಸಿ ಪೇಂಟ್. ಜಿಂಕ್ ಪ್ರೈಮರ್ ಹಾಕುವ ಆಸೆ ಇದ್ದರೆ ಅದನ್ನು ಬೆಳ್ಳಗೆ ಕೆರೆದ ಲೋಹದ ಮೇಲಷ್ಟೇ ಹಾಕಿ. ಜಿಂಕ್ ಕೆಲಸ ಮಾಡುವುದು ಕಬ್ಬಿಣದ ಬದಲಿಗೆ ತಾನು ಕರಗಿ. ಅದಕ್ಕೆ ಕಬ್ಬಿಣವನ್ನು ನೇರವಾಗಿ ಮುಟ್ಟುತ್ತಿರಬೇಕು, ನಡುವೆ ತುಕ್ಕಿನ ಪದರ ಇದ್ದರೆ ಅದೂ ಬರೀ ಬಣ್ಣ. ಈ ಉಪಾಯ ಹಳೆಯದು. ಫ್ರಾನ್ಸಿನ ಸೊರೆಲ್ ಎಂಬಾತ ಕಬ್ಬಿಣವನ್ನು ಕರಗಿದ ಜಿಂಕ್‌ನಲ್ಲಿ ಅದ್ದುವ ವಿಧಾನಕ್ಕೆ 1837ರಲ್ಲೇ ಪೇಟೆಂಟ್ ಪಡೆದಿದ್ದ. ಕಾರಿನ ಇಡೀ ಬಾಡಿಗೆ ಜಿಂಕ್ ಬರಲು ಬಹಳ ಕಾಲ ಹಿಡಿಯಿತು. ಜರ್ಮನಿಯ ಪೋರ್ಷೆ 911 ಕಾರಿಗೆ ಬಂದದ್ದು 1976ರ ಮಾದರಿಯಿಂದ.

ಬಣ್ಣ ಹೊಡೆಯುವ ದಿನ ಲೋಹ ಬೆವರುತ್ತಿರಬಾರದು. ಇಬ್ಬನಿ ಕೂರುವ ಉಷ್ಣತೆಗಿಂತ ಲೋಹ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು ಅನ್ನುವುದು ಪೇಂಟ್ ಕೆಲಸದವರ ಲೆಕ್ಕ. ಬೆಳಗಿನ ಜಾವ ಬೇಡ, ಮಳೆ ಹನಿಯುವ ಸಂಜೆ ಬೇಡ.

ತೂತು ಬಿದ್ದ ಜಾಗಕ್ಕೆ ವೆಲ್ಡಿಂಗ್ ಒಂದೇ ದಾರಿ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಕೂರಿಸಬೇಕು. ಕೊಳೆತದ್ದರ ಮೇಲೇ ಒಂದು ಪ್ಯಾಚ್ ಹೊಡೆದು ಕಳಿಸುವವರೂ ಇದ್ದಾರೆ. ಎರಡು ತಗಡಿನ ನಡುವೆ ಹೊಸ ಸಂದಿ ಆಯಿತು, ಅಲ್ಲಿ ಏನಾಗುತ್ತದೆ ಅಂತ ಈಗ ನಿಮಗೇ ಗೊತ್ತು. ಅಲ್ಯೂಮಿನಿಯಂ ತಗಡು ರಿವೆಟ್ ಹೊಡೆಯುವುದು, ಪುಟ್ಟಿ ತುಂಬುವುದು ಕಣ್ಣಿಗೆ ಮಣ್ಣೆರಚಿದಂತೆ. ವೆಲ್ಡಿಂಗ್ ಮುಂಚೆ ಬ್ಯಾಟರಿ ಬಿಚ್ಚಿಸಿ, ಪೆಟ್ರೋಲ್ ಟ್ಯಾಂಕ್ ಮತ್ತು ಪೈಪ್ ಹತ್ತಿರವಿದ್ದರೆ ಇಳಿಸಲು ಹೇಳಿ. ಒಳಗೆ ಮೇಣ, ಟಾರ್ ಏನಾದರೂ ಇದ್ದರೆ ಮೊದಲೇ ತಿಳಿಸಿ. ಅದು ಹೊತ್ತಿಕೊಳ್ಳುತ್ತದೆ.

ಕಪ್ಪು ಕೋಟಿಂಗ್ ಮತ್ತು ಮೇಣ

ಟಾರ್ ಅಥವಾ ರಬ್ಬರ್ ಬೆರೆತ ದಪ್ಪ ಅಂಡರ್‌ಕೋಟಿಂಗ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೊಸ ಕಾರಿನ ಸ್ವಚ್ಛ ತಗಡಿಗೆ ಹಾಕಿದರೆ ಕಲ್ಲೇಟು ತಡೆಯುತ್ತದೆ, ಸದ್ದೂ ಕಡಿಮೆಯಾಗುತ್ತದೆ. ಹಳೇ ಕಾರಿನ ತುಕ್ಕಿನ ಮೇಲೆ ಹಾಕಿದರೆ ಕಥೆ ಬೇರೆ. ವರ್ಷ ಕಳೆದಂತೆ ಅದು ಒಣಗಿ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇಲ್ಲ, ಗಾಳಿಯೂ ಇಲ್ಲ. ಮೇಲಿನಿಂದ ಕಪ್ಪಗೆ ಚಂದ ಕಾಣುತ್ತದೆ, ಮೆಕ್ಯಾನಿಕ್‌ಗೂ ಕಾಣುವುದಿಲ್ಲ, ಕೊಳ್ಳುವವರಿಗೂ ಕಾಣುವುದಿಲ್ಲ. ಮಾರಾಟಕ್ಕಿಟ್ಟ ಹಳೇ ಕಾರಿನ ತಳ ಹೊಸದಾಗಿ ಕಪ್ಪಗೆ ಮಿಂಚುತ್ತಿದ್ದರೆ ನನಗೆ ಅನುಮಾನ ಜಾಸ್ತಿಯಾಗುತ್ತದೆ.

ಹಳೇ ಕಾರಿಗೆ ಒಣಗಿ ಗಟ್ಟಿಯಾಗದ ಪದಾರ್ಥ ವಾಸಿ: ಮೇಣ, ಎಣ್ಣೆ, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್. ಇವು ಜಿಗುಟಾಗಿಯೇ ಇದ್ದು ಸಂದಿಗಳೊಳಗೆ ತಾವೇ ಹರಿದು ಹೋಗುತ್ತವೆ, ನೀರನ್ನು ಆಚೆ ತಳ್ಳುತ್ತವೆ. ಅಂಟು ಅಂಟು, ಕೈ ಗಲೀಜು, ಒಂದೆರಡು ವರ್ಷಕ್ಕೆ ಮತ್ತೆ ಹೊಡೆಯಬೇಕು. ಆದರೂ ನನ್ನ ಓಟು ಇದಕ್ಕೇ. ಎಕ್ಸಾಸ್ಟ್, ಬ್ರೇಕ್ ಡಿಸ್ಕ್, ಪ್ಯಾಡ್ ಮೇಲೆ ಬೀಳದಂತೆ ಮುಚ್ಚಿಕೊಳ್ಳಿ. ಪೆಟ್ರೋಲಿಯಂ ಎಣ್ಣೆಯಾದರೆ ರಬ್ಬರ್ ಬುಷ್‌ಗಳಿಂದಲೂ ದೂರ ಇಡಿ, ಕೆಲವು ರಬ್ಬರ್ ಉಬ್ಬುತ್ತವೆ.

ಡ್ಯಾಶ್‌ಬೋರ್ಡ್ ಕೆಳಗೆ ಸಿಕ್ಕಿಸುವ, ಕರೆಂಟ್ ಕಳಿಸಿ ತುಕ್ಕು ತಡೆಯುತ್ತೇವೆ ಅನ್ನುವ ಪುಟ್ಟ ಡಬ್ಬಿಗಳ ಬಗ್ಗೆ ಕೇಳಿರಬಹುದು. ಕರೆಂಟ್ ಕೊಟ್ಟು ಅಥವಾ ಜಿಂಕ್ ಕಟ್ಟಿ ಲೋಹ ಉಳಿಸುವ ತತ್ವ ನಿಜವೇ. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲೇ ಹಡಗುಗಳ ತಾಮ್ರದ ಹೊದಿಕೆಗೆ ಕಬ್ಬಿಣ, ಜಿಂಕ್ ತುಂಡು ಜೋಡಿಸಿ ತೋರಿಸಿದ್ದ. (ತಾಮ್ರ ಉಳಿಯಿತು. ಆದರೆ ತಾಮ್ರ ಕರಗದ ಕಾರಣ ಚಿಪ್ಪುಜೀವಿಗಳು ಹಾಯಾಗಿ ಬಂದು ಅಂಟಿಕೊಂಡವು, ಹಡಗು ನಿಧಾನವಾಯಿತು!) ಹಡಗು ಸದಾ ನೀರಲ್ಲಿ ಮುಳುಗಿರುತ್ತದೆ, ಹೂತ ಪೈಪ್ ಸದಾ ಒದ್ದೆ ಮಣ್ಣಲ್ಲಿರುತ್ತದೆ. ಕಾರು ಗಾಳಿಯಲ್ಲಿರುತ್ತದೆ. ಇಲ್ಲೊಂದು ಹನಿ, ಅಲ್ಲೊಂದು ಹನಿ. ಡಬ್ಬಿಯ ಕರೆಂಟ್ ಕಾರಿನ ತುಂಬ ಹರಿಯಲು ದಾರಿಯೇ ಇಲ್ಲ.

ಕೊನೆಗೆ ಪೆಟ್ಟಿಗೆಗಳ ಒಳಭಾಗ. ಹೊರಗೆ ಎಷ್ಟೇ ಚಂದ ಮಾಡಿದರೂ ಸಿಲ್ ಒಳಗಿನಿಂದ ಕೊಳೆತರೆ ಪ್ರಯೋಜನವಿಲ್ಲ. ಇದಕ್ಕೆ ಒಂದು ಮೀಟರ್ ಉದ್ದದ ತೆಳು ಪೈಪ್, ತುದಿಯಲ್ಲಿ ಸುತ್ತಲೂ ಸಿಡಿಸುವ ನಾಝಲ್ ಇರುವ ಸ್ಪ್ರೇ ಸಿಗುತ್ತದೆ. ಹೊಸ ತೂತು ಕೊರೆಯಬೇಡಿ, ಕಂಪನಿ ಬಿಟ್ಟ ತೂತುಗಳೇ ಬೇಕಾದಷ್ಟಿವೆ. ಒಳಗಿನ ಪ್ಲಾಸ್ಟಿಕ್ ಪಟ್ಟಿ ತೆಗೆದರೆ ರಬ್ಬರ್ ಬಿರಡೆಗಳು ಕಾಣುತ್ತವೆ. ಪೈಪನ್ನು ತುದಿಯವರೆಗೂ ತೂರಿಸಿ, ಸ್ಪ್ರೇ ಒತ್ತಿಕೊಂಡೇ ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಕೆಳಗಿನ ತೂತುಗಳಿಂದ ಕಂದು ಹನಿ ತೊಟ್ಟಿಕ್ಕಲು ಶುರುವಾದರೆ ಮೇಣ ಕೆಳಗಿನ ಸಂದಿ ತನಕ ಇಳಿದಿದೆ ಅಂತ ಅರ್ಥ. ನೆಲಕ್ಕೆ ಹಳೇ ರಟ್ಟು ಹಾಸಿರಿ, ಇಡೀ ರಾತ್ರಿ ತೊಟ್ಟಿಕ್ಕುತ್ತದೆ.

ಮಾರನೇ ದಿನ ಒಂದು ತುಂಡು ತಂತಿ ತಗೊಂಡು ಮತ್ತೆ ಅಡಿಗೆ ಹೋಗಿ. ಅದೇ ಮೇಣ ಡ್ರೇನ್ ತೂತುಗಳಲ್ಲಿ ದಪ್ಪಗೆ ಕಟ್ಟಿಕೊಂಡು ಕೂತಿರುತ್ತದೆ. ಒಂದೊಂದನ್ನೂ ಚುಚ್ಚಿ ಬಿಡಿಸಿ. ನನ್ನ ಕಾರಿನಲ್ಲಿ ಒಂದೊಂದು ಕಡೆ ಆರು.